ಅಲ್ಫಾನ್ಸ್ ಕಾರ್ ಬಿದಿರು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳದಿ ಗಳ, ಅದರ ಮೇಲೆ ಹಸಿರು ಗೀರು. ಈ ಬಿದಿರನ್ನು ಹತ್ತು ವರ್ಷಕ್ಕೂ ಜಾಸ್ತಿ ಬೆಳೆಸಿದ್ದೇನೆ. ನೋಡಿದವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಕೆಲವಕ್ಕೆ ಒಂದೆರಡು ಮಾತಿನ ಉತ್ತರ ಸಾಕು. ಮೆಳೆ ಕತ್ತರಿಸುವ ವಿಚಾರವನ್ನು ಮಾತ್ರ ಬಿಡಿಸಿ ಹೇಳಲೇಬೇಕು. ಯಾಕಂದರೆ ಈ ಗಿಡದ ಚೆಂದವೆಲ್ಲ ಗಳದಲ್ಲಿದೆ, ಕತ್ತರಿ ಮುಟ್ಟಿಸದ ಮೆಳೆಯಲ್ಲಿ ಆ ಗಳವೇ ಕಾಣುವುದಿಲ್ಲ.

ಇದು ಯಾವ ಬಿದಿರು? ನೋಡೋಕೆ ಹೇಗಿರುತ್ತೆ?

ಇದು ಬಂಬೂಸಾ ಮಲ್ಟಿಪ್ಲೆಕ್ಸ್ ಎಂಬ ಬಿದಿರಿನ ಒಂದು ಬಣ್ಣದ ತಳಿ. ಮೂಲ ಬಿದಿರು ಪೂರ್ತಿ ಹಸಿರು. ಈ ತಳಿಯ ಗಳ ಹಳದಿ. ಪ್ರತಿ ಗೆಣ್ಣಿನಿಂದ ಗೆಣ್ಣಿಗೆ ಉದ್ದಕ್ಕೂ ಹಸಿರು ಗೀರುಗಳು. ಒಂದು ಗೀರು ದಾರದಷ್ಟು ಸಣ್ಣ, ಪಕ್ಕದ್ದು ಬೆರಳಗಲ. ಒಂದು ಗೆಣ್ಣಿನಲ್ಲಿದ್ದ ಗೀರು ಮುಂದಿನದರಲ್ಲಿ ಅದೇ ಜಾಗದಲ್ಲಿ ಇರಬೇಕೆಂದೇನೂ ಇಲ್ಲ. ಎರಡು ಗಳ ಒಂದೇ ಥರ ಇರುವುದನ್ನು ನಾನು ಇನ್ನೂ ನೋಡಿಲ್ಲ.

ಹೊಸ ಗಳಕ್ಕೆ ನೇರ ಬಿಸಿಲು ಬಿದ್ದರೆ ಹಳದಿಯ ಮೇಲೆ ಗುಲಾಬಿ ಕೆಂಪು ಏರುತ್ತದೆ. ಆ ಕೆಂಪು ಉಳಿಯುವುದಿಲ್ಲ. ಗಳ ಬಲಿಯುತ್ತಾ ಹೋದಂತೆ ಬಂಗಾರದ ಹಳದಿಗೆ ತಿರುಗುತ್ತದೆ. ಎಲೆ ಸಣ್ಣದು, ತೆಳುವು, ಮೇಲೆ ಹಸಿರು, ಕೆಳಗೆ ಸ್ವಲ್ಪ ಬೂದಿ ಬಣ್ಣ. ಸಣ್ಣ ಗಾಳಿ ಬಂದರೂ ಇಡೀ ಮೆಳೆ ಅಲುಗುತ್ತದೆ. ಮುಳ್ಳು ಇಲ್ಲ. ಮಕ್ಕಳು ಓಡಾಡುವ ತೋಟಕ್ಕೆ ಇದು ದೊಡ್ಡ ಅನುಕೂಲ.

ಈ ಹೆಸರು ಎಲ್ಲಿಂದ ಬಂತು?

ಅಲ್ಫಾನ್ಸ್ ಕಾರ್ ಫ್ರಾನ್ಸಿನ ಬರಹಗಾರ, ಪತ್ರಿಕೆಗಳ ಸಂಪಾದಕ. ಬದುಕಿದ್ದು 1808ರಿಂದ 1890. ನಡುವಯಸ್ಸು ದಾಟಿದ ಮೇಲೆ ಪ್ಯಾರಿಸ್ ಬಿಟ್ಟು ಮೆಡಿಟರೇನಿಯನ್ ಕಡಲ ತೀರಕ್ಕೆ ಹೋಗಿ ಹೂ ಬೆಳೆಯಲು ಶುರು ಮಾಡಿದರು. ತೋಟಗಾರರು ಅವರ ಹೆಸರನ್ನು ಈ ಬಿದಿರಿಗೆ ಇಟ್ಟರು. ಮೂಲ ಬಿದಿರನ್ನು ಮೊದಲು ವಿವರಿಸಿದವರು ಲೂರೆರೊ ಎಂಬ ಪೋರ್ಚುಗೀಸ್ ಪಾದ್ರಿ, 1790ರಲ್ಲಿ. ಗಿಡದ ತವರು ದಕ್ಷಿಣ ಚೀನಾ ಮತ್ತು ಅದರ ಸುತ್ತಮುತ್ತಲಿನ ಬೆಚ್ಚನೆಯ ನಾಡುಗಳು.

ಬಿದಿರು ನೆಟ್ಟರೆ ತೋಟವೆಲ್ಲಾ ಹರಡಿಬಿಡುತ್ತೆ ಅಲ್ವಾ?

ಎಲ್ಲರಿಗೂ ಇರುವ ಭಯ ಇದು. ಭಯಕ್ಕೆ ಕಾರಣವೂ ಇದೆ. ಆದರೆ ಹಾಗೆ ಹರಡುವುದು ಬೇರೆ ಜಾತಿ.

ಬಿದಿರು ಹುಲ್ಲಿನ ಕುಟುಂಬದ್ದು. ನೆಲದೊಳಗೆ ಅದಕ್ಕೊಂದು ಗಡ್ಡೆಯಂಥ ಕಾಂಡ ಇರುತ್ತದೆ. ಓಡುವ ಬಿದಿರುಗಳಲ್ಲಿ ಈ ಕಾಂಡ ತೆಳ್ಳಗೆ, ಉದ್ದಕ್ಕೆ, ನೆಲಕ್ಕೆ ಸಮನಾಗಿ ಸಾಗುತ್ತದೆ. ಅದರ ತುದಿ ಮಣ್ಣಿನೊಳಗೇ ಮುಂದೆ ಹೋಗುತ್ತಿರುತ್ತದೆ. ಪಕ್ಕದ ಮೊಗ್ಗುಗಳು ಅಲ್ಲಲ್ಲಿ ಮೇಲೇಳುತ್ತವೆ. ಒಂದೇ ವರ್ಷದಲ್ಲಿ ಕೆಲವು ಮೀಟರ್ ಆಚೆ, ಬೇಲಿಯ ಆ ಕಡೆಯೂ ಎದ್ದು ನಿಲ್ಲಬಹುದು.

ನಮ್ಮದು ಮೆಳೆ ಕಟ್ಟುವ ಬಿದಿರು, ಅದರದು ಬೇರೆ ಲೆಕ್ಕ. ಇದರ ಗಡ್ಡೆ ಗಿಡ್ಡ, ದಪ್ಪ, ಬಾಗಿದ ಹೆಬ್ಬೆರಳಿನ ಹಾಗೆ. ಅದರ ತುದಿಯೇ ಮೇಲಕ್ಕೆ ತಿರುಗಿ ಗಳವಾಗುತ್ತದೆ. ಗಳವಾದ ಮೇಲೆ ಅದು ಮುಂದೆ ಹೋಗುವ ಹಾಗೇ ಇಲ್ಲ. ಮುಂದಿನ ಗಡ್ಡೆ ಅದರ ಮಗ್ಗುಲಿನ ಮೊಗ್ಗಿನಿಂದ ಹೊರಟು, ಒಂದಷ್ಟು ಇಂಚು ಸರಿದು, ತಾನೂ ಮೇಲೇಳುತ್ತದೆ. ಹೀಗೆ ಗಳದ ಪಕ್ಕ ಗಳ ಬಂದು ಮೆಳೆಯಾಗುತ್ತದೆ. ವರ್ಷಕ್ಕೆ ಕೆಲವು ಇಂಚು ಅಗಲವಾಗುತ್ತದೆ, ಅಷ್ಟೆ. ಸುತ್ತ ಗುಂಡಿ ತೋಡಿ ಪ್ಲಾಸ್ಟಿಕ್ ತಡೆ ಹಾಕುವ ಕೆಲಸ ಇದಕ್ಕೆ ಬೇಡ.

ಕೊಳ್ಳುವಾಗ ಮೆಳೆ ಬಿದಿರೋ ಓಡುವ ಬಿದಿರೋ ಅಂತ ಹೇಗೆ ಗೊತ್ತಾಗುತ್ತೆ?

ಗಿಡದ ಬುಡ ನೋಡಿ. ಗಳಗಳು ಒಂದಕ್ಕೊಂದು ಅಂಟಿಕೊಂಡು ಒಂದೇ ಗೊಂಚಲಿನ ಹಾಗೆ ಎದ್ದಿದ್ದರೆ ಮೆಳೆ ಬಿದಿರು. ಕುಂಡದ ಅಂಚಿನಲ್ಲಿ ಒಂಟಿ ಚಿಗುರು ಎದ್ದಿದ್ದರೆ, ತಳದ ತೂತಿನಿಂದ ಉದ್ದನೆಯ ಗೆಣ್ಣು ಗೆಣ್ಣಾದ ಕಾಂಡ ಹೊರಗೆ ಬಂದಿದ್ದರೆ ಅನುಮಾನ ಪಡಿ. ಗಳದ ಮೇಲೂ ಒಂದು ಗುರುತಿದೆ. ಓಡುವ ಬಿದಿರುಗಳಲ್ಲಿ ತೋಟಗಳಲ್ಲಿ ಜಾಸ್ತಿ ಕಾಣುವುದು ಫಿಲೋಸ್ಟಾಕಿಸ್ ಎಂಬ ಗುಂಪು. ಅದರ ಗಳದಲ್ಲಿ ರೆಂಬೆ ಹೊರಡುವ ಕಡೆ ಒಂದು ತೋಡು ಇರುತ್ತದೆ. ಬೆರಳಿಟ್ಟು ಸವರಿದರೆ ಗೊತ್ತಾಗುತ್ತದೆ. ರೆಂಬೆಗಳು ಗೆಣ್ಣಿಗೆ ಎರಡೇ. ನಮ್ಮ ಈ ಬಿದಿರಿನ ಗಳ ಸುತ್ತಲೂ ದುಂಡಗೆ, ಒಂದೊಂದು ಗೆಣ್ಣಿನಲ್ಲೂ ಸಣ್ಣ ರೆಂಬೆಗಳ ದೊಡ್ಡ ಗೊಂಚಲು.

ಹಳದಿ ಗಳ, ಹಸಿರು ಗೀರು ಇರುವ ಬಿದಿರುಗಳು ಇನ್ನೂ ಇವೆ. ಬಂಬೂಸಾ ವಲ್ಗ್ಯಾರಿಸ್ ಎಂಬ ದೊಡ್ಡ ಬಿದಿರಿನ ಒಂದು ತಳಿಗೂ ಇದೇ ಬಣ್ಣ. ಎಳೆಯದಿದ್ದಾಗ ಮೋಸ ಹೋಗುವುದು ಸುಲಭ. ಆದರೆ ಅದರ ಗಳ ತೋಳಿನಷ್ಟು ದಪ್ಪವಾಗಿ ಹತ್ತು ಮೀಟರ್ ದಾಟಿ ಹೋಗುತ್ತದೆ. ಚಿಕ್ಕ ತೋಟದವರು ಹೆಸರಿನ ಚೀಟಿ ಓದಿಯೇ ಕೊಳ್ಳಿ.

ಎಷ್ಟು ಎತ್ತರ, ಎಷ್ಟು ಅಗಲ ಆಗುತ್ತೆ?

ಸಾಮಾನ್ಯವಾಗಿ 3ರಿಂದ 6 ಮೀಟರ್ ಎತ್ತರ. ಒಳ್ಳೆ ಮಣ್ಣು, ನೀರು, ಸೆಕೆ ಮೂರೂ ಇದ್ದರೆ ಇನ್ನೂ ಮೇಲೆ ಹೋಗುತ್ತದೆ. ಗಳದ ದಪ್ಪ 1ರಿಂದ 2.5 ಸೆಂ.ಮೀ.

ಅಗಲದ ವಿಚಾರದಲ್ಲಿ ಜನ ತಪ್ಪು ಲೆಕ್ಕ ಹಾಕುತ್ತಾರೆ. ಬುಡ ಎಂಟು ಹತ್ತು ವರ್ಷಕ್ಕೆ ಒಂದು ಮೀಟರಿನ ಆಸುಪಾಸು ಬರಬಹುದು. ಆದರೆ ತುದಿಗಳು ಕಾರಂಜಿಯ ಹಾಗೆ ಹೊರಕ್ಕೆ ಬಾಗುತ್ತವೆ. ಮೇಲಿನ ಹರವು ಬುಡಕ್ಕಿಂತ ಎರಡು ಮೂರು ಪಟ್ಟು. ಮಳೆ ಬಂದು ಎಲೆಗೆ ನೀರು ತುಂಬಿದ ದಿನ ಇನ್ನೂ ಜಾಸ್ತಿ ಬಾಗುತ್ತದೆ. ನಡೆದಾಡುವ ದಾರಿಯ ಪಕ್ಕ ನೆಡುವವರು ಬುಡವನ್ನಲ್ಲ, ಆ ಒದ್ದೆ ಬಾಗನ್ನು ನೆನಪಿಟ್ಟುಕೊಂಡು ಜಾಗ ಬಿಡಿ.

ಬಿಸಿಲು ಬೇಕಾ, ನೆರಳು ಸಾಕಾ? ಚಳಿ ತಡೆಯುತ್ತಾ?

ನೆರಳಿನಲ್ಲೂ ಬದುಕುತ್ತದೆ, ಆದರೆ ಬಣ್ಣ ಸಪ್ಪೆ. ಆ ಗುಲಾಬಿ ಕೆಂಪು ಬೇಕು ಅಂದರೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಇದು ಬೆಚ್ಚನೆಯ ತೋಟದ ಗಿಡ. ಬಲಿತ ಮೆಳೆ ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗಿನ ಚಳಿಯನ್ನು ಸ್ವಲ್ಪ ಹೊತ್ತು ತಡೆಯುತ್ತದೆ. ಎಲೆ ಸುಟ್ಟ ಹಾಗಾಗಿ ಉದುರಿದರೂ ಬುಡದಿಂದ ಮತ್ತೆ ಬರುತ್ತದೆ. ತಿಂಗಳುಗಟ್ಟಲೆ ಮಂಜು ಕಟ್ಟುವ ಕಡೆ ನೆಲಕ್ಕೆ ಹಾಕಬೇಡಿ.

ಎಂಥ ಮಣ್ಣು? ಹೇಗೆ ನೆಡಬೇಕು?

ಮಣ್ಣಿನ ವಿಚಾರದಲ್ಲಿ ಹಠ ಇಲ್ಲ. ನೀರು ನಿಲ್ಲಬಾರದು, ಅದೊಂದೇ. ಜವುಗು ಜಾಗದಲ್ಲಿ ಗಡ್ಡೆ ಕೊಳೆಯುತ್ತದೆ.

ಕುಂಡದ ಮಣ್ಣಿನುಂಡೆಗಿಂತ ಎರಡು ಪಟ್ಟು ಅಗಲದ ಗುಂಡಿ ತೆಗೆಯಿರಿ. ಆಳ ಉಂಡೆಯಷ್ಟೇ ಸಾಕು. ಬೇರು ಸುತ್ತಿಕೊಂಡಿದ್ದರೆ ಕೈಯಲ್ಲಿ ಸ್ವಲ್ಪ ಬಿಡಿಸಿ. ತೆಗೆದ ಮಣ್ಣಿಗೆ ಕಳಿತ ಕೊಟ್ಟಿಗೆ ಗೊಬ್ಬರವೋ ಕಾಂಪೋಸ್ಟೋ ಬೆರೆಸಿ ತುಂಬಿ, ಚೆನ್ನಾಗಿ ನೀರು ಹಾಕಿ. ಗಾಳಿ ಜೋರಾಗಿ ಬೀಸುವ ಜಾಗವಾದರೆ ಮೊದಲ ಕೆಲವು ತಿಂಗಳು ಊರೆ ಕೊಡಿ. ಬುಡ ಅಲುಗಿದರೆ ಹೊಸ ಬೇರು ಕಿತ್ತುಹೋಗುತ್ತದೆ.

ಬೇಲಿಯ ಹಾಗೆ ಸಾಲಾಗಿ ನೆಡಬೇಕು. ಎಷ್ಟು ದೂರ ಬಿಡಲಿ?

ಗಿಡದಿಂದ ಗಿಡಕ್ಕೆ 1ರಿಂದ 1.5 ಮೀಟರ್. ಬೇಗ ಮರೆಯಾಗಲಿ ಅಂತ ಒತ್ತಾಗಿ ನೆಟ್ಟರೆ ಎರಡು ವರ್ಷ ಖುಷಿಯಾಗುತ್ತದೆ. ಆಮೇಲೆ ಮೆಳೆಗಳು ಕೂಡಿಕೊಂಡು ಒಳಗೆ ಕೈ ಹಾಕಲೂ ಜಾಗ ಇರುವುದಿಲ್ಲ. ಗೋಡೆಯಿಂದ ಕಡಿಮೆ ಅಂದರೂ ಒಂದು ಮೀಟರ್ ದೂರ ಇರಲಿ. ಬೇರು ಗೋಡೆ ಒಡೆಯುತ್ತದೆ ಅನ್ನುವ ಭಯಕ್ಕಿಂತ, ನೀವು ಹಿಂದಕ್ಕೆ ಹೋಗಿ ಕತ್ತರಿಸಲು ಜಾಗ ಬೇಕು ಅನ್ನುವುದು ಮುಖ್ಯ. ಹಿಂದಿನ ಸಾಲು ಕೈಗೆ ಸಿಗದ ಮೆಳೆ ಹಾಳಾದ ಹಾಗೇ.

ನೀರು ಎಷ್ಟು? ಎಲೆಗಳು ಸುರುಳಿ ಸುತ್ತಿಕೊಂಡಿವೆ, ರೋಗವಾ?

ರೋಗ ಅಲ್ಲ, ಬಾಯಾರಿಕೆ. ನೀರು ಕಡಿಮೆಯಾದಾಗ ಬಿದಿರು ಎಲೆಯನ್ನು ಉದ್ದಕ್ಕೆ ಮಡಚಿ ಕೊಳವೆ ಮಾಡಿಕೊಳ್ಳುತ್ತದೆ. ಹಾಗೆ ಮಾಡಿದರೆ ಎಲೆಯಿಂದ ಆರುವ ನೀರು ಉಳಿಯುತ್ತದೆ. ಮಧ್ಯಾಹ್ನದ ಉರಿಬಿಸಿಲಲ್ಲಿ ಸ್ವಲ್ಪ ಸುತ್ತಿಕೊಂಡು ಸಂಜೆ ಬಿಚ್ಚಿಕೊಂಡರೆ ಚಿಂತೆ ಇಲ್ಲ. ಬೆಳಿಗ್ಗೆಯೂ ಸುತ್ತಿಕೊಂಡೇ ಇದ್ದರೆ ಆಗಲೇ ನೀರು ಹಾಕಿ.

ಮೊದಲ ವರ್ಷ ವಾರಕ್ಕೆ ಎರಡು ಮೂರು ಸಲ, ನೆಲದೊಳಕ್ಕೆ ಇಳಿಯುವ ಹಾಗೆ ಕೊಡಿ. ದಿನಾ ಒಂದೊಂದು ಚೊಂಬು ಚಿಮುಕಿಸುವುದು ಪ್ರಯೋಜನವಿಲ್ಲ. ಮೆಳೆ ಬಲಿತ ಮೇಲೆ ಒಣಹವೆಯನ್ನೂ ತಡೆದುಕೊಳ್ಳುತ್ತದೆ. ಕಳಲೆ, ಅಂದರೆ ಬಿದಿರಿನ ಹೊಸ ಮೊಳಕೆ, ಏಳುವ ಹೊತ್ತಿನಲ್ಲಿ ಮಾತ್ರ ನೀರು ತಪ್ಪಿಸಬೇಡಿ.

ನೀರು ಸಾಕಷ್ಟು ಇದೆ ಅಂತ ಗಿಡವೇ ತೋರಿಸುವ ಒಂದು ಗುರುತು ಇದೆ. ಮುಂಜಾನೆ ಬಿಸಿಲು ಏರುವ ಮುಂಚೆ ಹೋಗಿ ನೋಡಿ. ಒಂದೊಂದು ಎಲೆಯ ತುದಿಯಲ್ಲೂ ಒಂದೊಂದು ಹನಿ ಮಣಿಯ ಹಾಗೆ ನಿಂತಿರುತ್ತದೆ. ಅದು ಇಬ್ಬನಿ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಇಬ್ಬನಿಯಾದರೆ ಎಲೆಯ ಮೈಯೆಲ್ಲಾ ಒದ್ದೆಯಾಗಬೇಕಿತ್ತು. ಇದು ರಾತ್ರಿ ಬೇರು ಎತ್ತಿಕೊಂಡ ನೀರು, ಎಲೆಯ ಅಂಚಿನ ಸಣ್ಣ ರಂಧ್ರಗಳಿಂದ ಹೊರಗೆ ಬಂದದ್ದು.

ಗೊಬ್ಬರ ಏನು ಹಾಕಲಿ? ಉದುರಿದ ಎಲೆ ಗುಡಿಸಬೇಕಾ?

ಬಿದಿರು ಹುಲ್ಲು ಅಂತ ನೆನಪಿಟ್ಟುಕೊಂಡರೆ ಸಾಕು. ಹುಲ್ಲಿಗೆ ಸಾರಜನಕ ಇಷ್ಟ. ವರ್ಷಕ್ಕೆ ಎರಡು ಸಲ ಬುಡದ ಸುತ್ತ ಎರಡು ಮೂರು ಇಂಚು ಕಾಂಪೋಸ್ಟ್ ಹಾಕಿ. ಒಂದು ಸಲ ಕಳಲೆ ಏಳುವ ಮುಂಚೆ, ಇನ್ನೊಂದು ಸಲ ಎದ್ದ ಮೇಲೆ.

ಉದುರಿದ ಎಲೆಯನ್ನು ಬುಡದಲ್ಲೇ ಬಿಡಿ. ಬಿದಿರಿನ ಎಲೆಯಲ್ಲಿ ಸಿಲಿಕಾ, ಅಂದರೆ ಮರಳಿನಲ್ಲಿರುವ ಅಂಶ, ಜಾಸ್ತಿ. ಕೊಳೆತಾಗ ಅದು ಮತ್ತೆ ಮಣ್ಣು ಸೇರಿ ಹೊಸ ಗಳಕ್ಕೆ ಗಟ್ಟಿತನ ಕೊಡುತ್ತದೆ. ಬುಡ ತಂಪಾಗಿರುತ್ತದೆ, ಕಳೆ ಏಳುವುದಿಲ್ಲ. ಮೆಳೆಯ ನಡುವೆ, ಗಳಗಳ ಸಂದಿಯಲ್ಲಿ ಸಿಕ್ಕಿಕೊಂಡ ಎಲೆ ಮಾತ್ರ ತೆಗೆಯಿರಿ.

ನೆಟ್ಟು ಒಂದು ವರ್ಷ ಆಯ್ತು, ಬೆಳೆದೇ ಇಲ್ಲ. ಏನು ಮಾಡಲಿ?

ಕಾಯಿರಿ. ಮೊದಲ ವರ್ಷ ಕೆಲಸವೆಲ್ಲ ಮಣ್ಣಿನೊಳಗೆ ನಡೆಯುತ್ತಿರುತ್ತದೆ. ಗಡ್ಡೆ ದೊಡ್ಡದಾದಷ್ಟೂ ಅದರಿಂದ ಏಳುವ ಗಳ ದೊಡ್ಡದು. ಎರಡನೇ ವರ್ಷದ ಗಳ ಮೊದಲನೆಯದಕ್ಕಿಂತ ಎತ್ತರ, ಮೂರನೆಯದು ಅದಕ್ಕಿಂತ. ಎಲೆ ಹಸಿರಾಗಿದ್ದರೆ ಗಿಡ ಚೆನ್ನಾಗಿದೆ ಅಂತಲೇ ಅರ್ಥ. ಸುಮ್ನೆ ಕಿತ್ತು ಬೇರೆ ಕಡೆ ಹಾಕಿದರೆ ಲೆಕ್ಕ ಮತ್ತೆ ಮೊದಲಿನಿಂದ.

ಗಳ ಉದ್ದವಾಗಿದೆ, ದಪ್ಪ ಆಗ್ತಾ ಇಲ್ಲ. ಯಾಕೆ?

ಯಾವತ್ತೂ ಆಗುವುದಿಲ್ಲ. ಬೆಳೆಯುವ ಪೈರು ಮೊಳಕೆಯಲ್ಲಿ ನೋಡು ಅನ್ನುತ್ತಾರಲ್ಲ, ಬಿದಿರಿನಲ್ಲಿ ಅದು ಅಕ್ಷರಶಃ ನಿಜ. ಕಳಲೆ ಮಣ್ಣಿನಿಂದ ತಲೆ ಎತ್ತಿದಾಗ ಎಷ್ಟು ದಪ್ಪವೋ ಗಳ ಕೊನೆವರೆಗೂ ಅಷ್ಟೇ ದಪ್ಪ. ಮರಕ್ಕೆ ತೊಗಟೆಯ ಕೆಳಗೆ ವರ್ಷವರ್ಷವೂ ದಪ್ಪ ಮಾಡುವ ಒಂದು ಪದರ ಇರುತ್ತದೆ. ಬಿದಿರಿಗೆ ಅದಿಲ್ಲ. ಎಲ್ಲಾ ಗೆಣ್ಣುಗಳೂ ಕಳಲೆಯೊಳಗೆ ಮೊದಲೇ ಒತ್ತಾಗಿ ಕೂತಿರುತ್ತವೆ. ಹಳೇ ರೇಡಿಯೋದ ಆಂಟೆನಾ ಎಳೆದ ಹಾಗೆ ಒಂದೊಂದಾಗಿ ಚಾಚಿಕೊಳ್ಳುತ್ತವೆ. ಎರಡು ಮೂರು ತಿಂಗಳಲ್ಲಿ ಪೂರ್ತಿ ಎತ್ತರ. ಆಮೇಲೆ ರೆಂಬೆ, ಎಲೆ. ಆಮೇಲಿನ ವರ್ಷಗಳಲ್ಲಿ ಗಟ್ಟಿಯಾಗುತ್ತದೆ, ಅಷ್ಟೆ.

ಈ ಮೆಳೆ ಬಿದಿರುಗಳ ಕಳಲೆ ಏಳುವುದು ಸೆಕೆ ಮತ್ತು ತೇವ ಎರಡೂ ಕೂಡಿದಾಗ. ಒಂದು ಸಲ ಒಂದು ಕಳಲೆಯ ಪಕ್ಕ ಕೋಲು ನೆಟ್ಟು ದಿನಾ ಬೆಳಿಗ್ಗೆ ಗೆರೆ ಎಳೆಯುತ್ತಿದ್ದೆ. ಶುರುವಿನಲ್ಲಿ ದಿನಕ್ಕೆ ಒಂದು ಬೆರಳು. ಎರಡು ವಾರ ಕಳೆದ ಮೇಲೆ, ರಾತ್ರಿ ಮಳೆ ಬಂದ ಮರುದಿನ, ನಾಲ್ಕು ಬೆರಳು. ಪ್ರತಿ ಗೆಣ್ಣಿಗೂ ಒಂದು ಹಾಳೆ ಸುತ್ತಿರುತ್ತದೆ. ತಿಳಿ ಹಸಿರು, ಅದರ ಮೇಲೆ ಕೆನೆ ಬಣ್ಣದ ಪಟ್ಟೆ. ಗಳ ಬಲಿತಂತೆ ಹಾಳೆ ಒಣಗಿ, ಕಾಗದದ ಹಾಗೆ ಸದ್ದು ಮಾಡುತ್ತಾ ಕಳಚಿಕೊಳ್ಳುತ್ತದೆ. ಒಳಗಿನ ಗಳದ ಮೇಲೆ ತೆಳ್ಳಗೆ ಬಿಳಿ ಪುಡಿ. ಬೆರಳಲ್ಲಿ ಒರೆಸಿದರೆ ಅಡಿಯಲ್ಲಿ ಹಳದಿ, ಹಸಿರು, ಗುಲಾಬಿ ಮೂರೂ ಹೊಸದಾಗಿ ಹೊಳೆಯುತ್ತವೆ. ಹಾಳೆಯನ್ನು ಬೇಗ ಕಿತ್ತುಬಿಡುವ ಆಸೆ ಎಲ್ಲರಿಗೂ ಆಗುತ್ತದೆ. ದಯವಿಟ್ಟು ಬೇಡ. ಅದರೊಳಗೆ ಗಳ ಇನ್ನೂ ಮೆತ್ತಗಿರುತ್ತದೆ, ಒಂದು ಸಣ್ಣ ಪೆಟ್ಟಿಗೆ ಮುರಿಯುತ್ತದೆ. ತಾನಾಗಿ ಸಡಿಲವಾದ ಹಾಳೆ ತೆಗೆಯಬಹುದು.

ಕತ್ತರಿಸುವುದು ಹೇಗೆ? ಯಾವಾಗ?

ನನ್ನ ಮೊದಲ ಮೆಳೆಯನ್ನು ಆರು ವರ್ಷ ಮುಟ್ಟಲೇ ಇಲ್ಲ. ಹಸಿರಾಗಿ ದಟ್ಟವಾಗಿ ಇತ್ತು, ಚೆನ್ನಾಗಿದೆ ಅಂದುಕೊಂಡೆ. ಆರನೇ ವರ್ಷ ಎಲೆ ಸರಿಸಿ ಒಳಗೆ ನೋಡಿದರೆ ಅರ್ಧಕ್ಕರ್ಧ ಗಳ ಒಣಗಿ ಬೂದಿ ಬಣ್ಣವಾಗಿತ್ತು. ಹೊಸ ಕಳಲೆಗಳು ಜಾಗವಿಲ್ಲದೆ ಹಳೆಯ ಗಳಗಳ ನಡುವೆ ಸಿಕ್ಕಿ ಸೊಟ್ಟಗಾಗಿದ್ದವು. ಹಳದಿ ಬಣ್ಣ ಹೊರಗಿನಿಂದ ಒಂದು ಚೂರೂ ಕಾಣುತ್ತಿರಲಿಲ್ಲ. ಅದನ್ನು ಸರಿಪಡಿಸಲು ಮೂರು ವಾರದ ಸಂಜೆಗಳು ಬೇಕಾದವು. ಅವತ್ತಿನಿಂದ ವರ್ಷಕ್ಕೊಂದು ದಿನ ಕತ್ತರಿಸುವುದನ್ನು ತಪ್ಪಿಸಿಲ್ಲ.

ಒಂದು ಗಳದ ಆಯಸ್ಸು ಹೆಚ್ಚು ಅಂದರೆ ಏಳೆಂಟು ಹತ್ತು ವರ್ಷ. ಅದರ ಚೆಂದದ ಕಾಲ ಮೊದಲ ಮೂರು ನಾಲ್ಕು ವರ್ಷ. ಆಮೇಲೆ ಬಣ್ಣ ಮಾಸುತ್ತದೆ, ಮೇಲೆ ಕಲೆಗಳು, ಕಲ್ಲುಹೂವು ಹತ್ತುತ್ತವೆ. ಹಾಗಾಗಿ ನಾಲ್ಕು ವರ್ಷ ದಾಟಿದ ಗಳಗಳನ್ನು ತೆಗೆಯುತ್ತೇನೆ. ಯಾವುದು ಎಷ್ಟು ವರ್ಷದ್ದು ಅಂತ ಕಣ್ಣಳತೆಯಲ್ಲೇ ಗೊತ್ತಾಗುತ್ತದೆ. ಹೊಳಪು ಮತ್ತು ಬಿಳಿ ಪುಡಿ ಇರುವುದು ಈ ವರ್ಷದ್ದು. ಮೈ ನುಣ್ಣಗೆ, ರೆಂಬೆ ತುಂಬಿರುವುದು ಎರಡು ಮೂರು ವರ್ಷದ್ದು. ಮಂಕಾಗಿ ಒರಟಾಗಿರುವುದು ಹಳೆಯದು. ಅನುಮಾನ ಬೇಡ ಅನ್ನುವವರು ಪ್ರತಿ ವರ್ಷದ ಹೊಸ ಗಳಗಳ ಬುಡಕ್ಕೆ ಒಂದು ಬಣ್ಣದ ಚುಕ್ಕೆ ಇಡಿ, ಮುಂದಿನ ವರ್ಷ ಬೇರೆ ಬಣ್ಣ. ಈ ಕೆಲಸ ಹತ್ತು ನಿಮಿಷದ್ದು. ನಾಲ್ಕು ವರ್ಷ ಬಿಟ್ಟು ನಿಮಗೇ ಬಹಳ ಉಪಕಾರ.

ಸಮಯ ಒಣ ತಿಂಗಳುಗಳು, ಹೊಸ ಕಳಲೆ ಏಳುವುದಕ್ಕೆ ಮುಂಚೆ. ಕಳಲೆ ಎದ್ದ ಮೇಲೆ ಮೆಳೆಯೊಳಗೆ ಕೈ, ಕಾಲು, ಗರಗಸ ಏನನ್ನೂ ಹಾಕಬೇಡಿ.

ನೆಲಕ್ಕೆ ಎಷ್ಟು ಹತ್ತಿರ ಆಗುತ್ತದೋ ಅಷ್ಟು ಹತ್ತಿರ ಕತ್ತರಿಸಿ. ಮೊಳಕಾಲೆತ್ತರಕ್ಕೆ ಬಿಟ್ಟ ತುಂಡುಗಳು ವರ್ಷವರ್ಷವೂ ಸೇರಿ ಈಟಿಗಳ ಬೇಲಿಯಾಗುತ್ತವೆ. ಮುಂದಿನ ಸಲ ಗರಗಸ ಒಳಗೆ ಹೋಗುವುದಿಲ್ಲ, ಕೈಗೂ ಗಾಯ. ಕತ್ತರಿ ಬೀಳಬೇಕಾದದ್ದು ಗೆಣ್ಣಿನ ಸ್ವಲ್ಪವೇ ಮೇಲೆ. ಗೆಣ್ಣುಗಳ ನಡುವೆ ಕತ್ತರಿಸಿದರೆ ಒಂದು ಬಟ್ಟಲು ಉಳಿಯುತ್ತದೆ. ಅದರಲ್ಲಿ ಮಳೆ ನೀರು ನಿಂತು ಸೊಳ್ಳೆ ಮೊಟ್ಟೆ ಇಡುತ್ತದೆ, ಗಡ್ಡೆಗೂ ಕೊಳೆ. ಸಣ್ಣ ಹಲ್ಲಿನ ಮಡಚುವ ಗರಗಸ ಒಳ್ಳೆಯದು. ಮಚ್ಚಿನಲ್ಲಿ ಹೊಡೆದರೆ ಗಳ ಸೀಳುತ್ತದೆ.

ಒಂದು ವರ್ಷಕ್ಕೆ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ತೆಗೆಯಬೇಡಿ. ಎಲೆಯೇ ಇಲ್ಲದಿದ್ದರೆ ಮುಂದಿನ ಕಳಲೆಗೆ ಆಹಾರ ಎಲ್ಲಿಂದ ಬರಬೇಕು? ಮೊದಲು ಸತ್ತದ್ದು, ಆಮೇಲೆ ಸಣ್ಣ ಕಡ್ಡಿಗಳು, ಆಮೇಲೆ ನಡುವಿನ ಹಳೆಯವು. ಹೊರಗಿನ ಹೊಸ ಗಳಗಳನ್ನು ಮುಟ್ಟಬೇಡಿ.

ಕೊನೆಗೆ ಕೆಳಗಿನ ರೆಂಬೆ. ಈ ಬಿದಿರು ನೆಲದ ಹತ್ತಿರದಿಂದಲೇ ಸಣ್ಣ ರೆಂಬೆ ಬಿಟ್ಟುಕೊಂಡು ಗಳವನ್ನು ಮುಚ್ಚಿಬಿಡುತ್ತದೆ. ನಿಮ್ಮ ಸೊಂಟದೆತ್ತರದವರೆಗೋ ಎದೆಯೆತ್ತರದವರೆಗೋ ರೆಂಬೆಗಳನ್ನು ಗೆಣ್ಣಿನ ಮಟ್ಟಕ್ಕೇ ಕತ್ತರಿಸಿ ತೆಗೆಯಿರಿ. ಕೆಲವು ಮತ್ತೆ ಚಿಗುರುತ್ತವೆ, ಆಗ ಮತ್ತೆ ತೆಗೆದರಾಯಿತು. ಈ ಒಂದು ಕೆಲಸ ಮಾಡಿದ ಸಂಜೆ ಇಳಿಬಿಸಿಲು ಮೆಳೆಯ ಒಳಕ್ಕೆ ಅಡ್ಡಲಾಗಿ ಬೀಳುವುದನ್ನು ನಿಂತು ನೋಡಿ. ಒಳಗಿನ ಗಳಗಳೂ ದೀಪ ಹಚ್ಚಿದ ಹಾಗೆ ಕಾಣುತ್ತವೆ.

ಮರೆಗಾಗಿ ಬೇಲಿ ಬೆಳೆಸಿದವರು ಮಾತ್ರ ಕೆಳಗಿನ ರೆಂಬೆ ಬಿಡಬೇಕು. ಆಗಲೂ ಹಳೆಯ ಗಳ ತೆಗೆಯುವುದು ತಪ್ಪಿದ್ದಲ್ಲ.

ತುದಿ ಕತ್ತರಿಸಿ ಎತ್ತರ ಕಡಿಮೆ ಮಾಡಬಹುದಾ?

ಮಾಡಬಹುದು. ತುದಿ ಹೋದ ಗಳ ಮತ್ತೆ ಎತ್ತರ ಹೋಗುವುದಿಲ್ಲ, ಕತ್ತರಿಸಿದ ಕೆಳಗಿನ ರೆಂಬೆಗಳು ದಟ್ಟವಾಗುತ್ತವೆ. ಆದರೆ ಹೊಸ ಗಳಗಳು ಪ್ರತಿ ವರ್ಷ ತಮ್ಮ ಎತ್ತರಕ್ಕೇ ಹೋಗುತ್ತವೆ, ಅವನ್ನೂ ಕತ್ತರಿಸುತ್ತಿರಬೇಕು. ಬಾಗುವ ತುದಿಯೇ ಈ ಗಿಡದ ಅರ್ಧ ಅಂದ. ಎತ್ತರ ಬೇಡ ಅನ್ನುವವರು ಇದೇ ಬಿದಿರಿನ ಗಿಡ್ಡ ತಳಿಗಳನ್ನು ಹುಡುಕುವುದು ಒಳ್ಳೆಯದು.

ಒಂದು ಗಳ ಪೂರ್ತಿ ಹಸಿರಾಗಿ ಬಂದಿದೆ. ಸರಿನಾ?

ಬಣ್ಣದ ತಳಿಗಳಲ್ಲಿ ಆಗೊಮ್ಮೆ ಈಗೊಮ್ಮೆ ಹೀಗೆ ಮೂಲದ ಹಸಿರು ತಿರುಗಿ ಬರುತ್ತದೆ. ಹಸಿರು ಗಳಕ್ಕೆ ಶಕ್ತಿ ಜಾಸ್ತಿ. ಬಿಟ್ಟರೆ ಅದರ ಮಗ್ಗುಲಿನಿಂದ ಇನ್ನಷ್ಟು ಹಸಿರು ಬರುತ್ತವೆ. ಕಂಡ ವರ್ಷವೇ ಬುಡಕ್ಕೆ ಕತ್ತರಿಸಿ, ಸಾಧ್ಯವಾದರೆ ಗಡ್ಡೆಯನ್ನೂ ತೆಗೆಯಿರಿ.

ಕುಂಡದಲ್ಲಿ ಬೆಳೆಸಬಹುದಾ?

ಚೆನ್ನಾಗಿ ಬರುತ್ತದೆ. ಕುಂಡ ಕಡಿಮೆ ಅಂದರೂ 45 ಸೆಂ.ಮೀ. ಅಗಲ ಇರಲಿ. ಎತ್ತರ ನೆಲದಲ್ಲಿ ಬೆಳೆದದ್ದರ ಅರ್ಧ ಅಂದುಕೊಳ್ಳಿ. ಹೊಟ್ಟೆ ಉಬ್ಬಿ ಬಾಯಿ ಕಿರಿದಾದ ಕುಂಡ ಬೇಡ. ಎರಡು ಮೂರು ವರ್ಷಕ್ಕೆ ಬೇರು ತುಂಬಿಕೊಳ್ಳುತ್ತದೆ, ಆಗ ಅಂಥ ಕುಂಡವಾದರೆ ಗಿಡ ಹೊರಗೆ ತೆಗೆಯಲು ಅದನ್ನೇ ಒಡೆಯಬೇಕಾಗುತ್ತದೆ. ಹೊರಗೆ ತೆಗೆದು, ಗರಗಸದಲ್ಲಿ ಎರಡು ಭಾಗ ಮಾಡಿ, ಒಂದನ್ನು ಹೊಸ ಮಣ್ಣಿನೊಂದಿಗೆ ಮತ್ತೆ ಅದೇ ಕುಂಡಕ್ಕೆ ಹಾಕಿ. ಸೆಕೆಯ ದಿನಗಳಲ್ಲಿ ಕುಂಡಕ್ಕೆ ದಿನಾ ನೀರು ಬೇಕು.

ಒಂದು ಗಿಡದಿಂದ ಇನ್ನೊಂದು ಗಿಡ ಮಾಡೋದು ಹೇಗೆ?

ನಂಬಿಕೆಯ ದಾರಿ ಮೆಳೆ ಒಡೆಯುವುದು. ಹೊಸ ಬೆಳವಣಿಗೆ ಶುರುವಾಗುವ ಸ್ವಲ್ಪ ಮುಂಚೆ, ಮೋಡ ಕವಿದ ದಿನ, ಮೆಳೆಯ ಅಂಚಿನಿಂದ ಎರಡು ಮೂರು ಗಳ ಇರುವ ಒಂದು ತುಂಡು ತೆಗೆಯಿರಿ. ಒಂದು ಅಥವಾ ಎರಡು ವರ್ಷದ ಗಳ ಇರಲಿ. ಹಳೆಯ ಗಡ್ಡೆಯ ಮೊಗ್ಗುಗಳು ಏಳುವುದಿಲ್ಲ. ಗಡ್ಡೆ ಎಷ್ಟು ಗಟ್ಟಿ ಅಂದರೆ ಬರೀ ಗುದ್ದಲಿ ಸಾಕಾಗುವುದಿಲ್ಲ, ಹಾರೆ ಮತ್ತು ಗರಗಸ ಬೇಕು. ತೆಗೆದ ತಕ್ಷಣ ಗಳಗಳನ್ನು ಒಂದು ಮೀಟರಿಗೆ ಮೊಟಕು ಮಾಡಿ. ಬೇರಿಗೆ ಗಾಳಿ ತಾಗಿ ಒಣಗಲು ಬಿಡಬೇಡಿ, ಒದ್ದೆ ಗೋಣಿ ಸುತ್ತಿಡಿ. ಅರ್ಧ ಗಂಟೆಯೊಳಗೆ ಮಣ್ಣು ಸೇರಲಿ. ಕೆಲವು ವಾರ ನೆರಳಿನಲ್ಲಿ ಇಡಿ.

ಗಳದ ತುಂಡಿನಿಂದಲೂ ಮಾಡಬಹುದು. ಎರಡು ಗೆಣ್ಣು ಇರುವ ತುಂಡನ್ನು ಮಣ್ಣಿನಲ್ಲಿ ಅಡ್ಡಲಾಗಿ ಮಲಗಿಸಿ ಮುಚ್ಚಿ ತೇವ ಇಡಬೇಕು. ಎಲ್ಲವೂ ಬೇರು ಬಿಡುವುದಿಲ್ಲ. ಹತ್ತಾರು ಇಟ್ಟರೆ ಕೆಲವು ಸಿಗುತ್ತವೆ.

ಕೀಟ, ರೋಗ?

ಗಟ್ಟಿ ಗಿಡ. ಗೆಣ್ಣಿನ ಸಂದಿಯಲ್ಲಿ, ಹಾಳೆಯ ಒಳಗೆ ಬಿಳಿ ಹತ್ತಿಯ ಹಾಗೆ ಕಂಡರೆ ಹಿಟ್ಟುತಿಗಣೆ. ಎಲೆಯ ಅಡಿಯಲ್ಲಿ ಸಸ್ಯಹೇನು ಬರಬಹುದು. ಇವು ಸುರಿಸುವ ಸಿಹಿ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಎಲೆ ಮಸಿ ಹಚ್ಚಿದ ಹಾಗಾಗುತ್ತದೆ. ಇರುವೆಗಳ ಸಾಲು ಗಳ ಹತ್ತುತ್ತಿದ್ದರೆ ಮೇಲೆ ಇವು ಇವೆ ಅಂತಲೇ ತಿಳಿಯಿರಿ. ಪೈಪಿನಲ್ಲಿ ಜೋರಾಗಿ ನೀರು ಹಾಯಿಸಿ ತೊಳೆಯಿರಿ, ಜಾಸ್ತಿ ಇರುವ ಗಳ ಕತ್ತರಿಸಿ, ಸಂಜೆ ಹೊತ್ತು ಸೋಪಿನ ನೀರಿಗೆ ಬೇವಿನೆಣ್ಣೆ ಬೆರೆಸಿ ಸಿಂಪಡಿಸಿ. ಗಾಳಿ ಬೆಳಕು ಆಡುವ ಮೆಳೆಯಲ್ಲಿ ಇವುಗಳ ಕಾಟ ಎಷ್ಟೋ ಕಡಿಮೆ.

ಮೆಳೆಯಲ್ಲಿ ಹಾವು ಬರುತ್ತಾ?

ಹಾವಿಗೆ ಬಿದಿರು ಬೇಕಿಲ್ಲ, ಅಡಗುವ ಜಾಗ ಮತ್ತು ಇಲಿ ಬೇಕು. ಬುಡದಲ್ಲಿ ಒಣ ಗಳ, ಕಸ ಗುಡ್ಡೆಯಾಗಿ ಇಲಿ ಸೇರಿಕೊಂಡರೆ ಹಾವೂ ಬರಬಹುದು. ಕೆಳಗೆ ರೆಂಬೆ ಸವರಿ, ಬುಡ ಕಾಣುವ ಹಾಗೆ ಇಟ್ಟರೆ ಆ ಹೆದರಿಕೆ ಕಡಿಮೆ.

ಹೂ ಬಿಟ್ಟರೆ ಬಿದಿರು ಸಾಯುತ್ತೆ ಅಂತಾರೆ. ನಿಜವಾ?

ಹಲವು ಜಾತಿಗಳಲ್ಲಿ ನಿಜ. ಮೆಲೊಕ್ಯಾನಾ ಎಂಬ ಬಿದಿರು ಸುಮಾರು 48 ವರ್ಷಕ್ಕೊಮ್ಮೆ ಕಾಡಿಗೆ ಕಾಡೇ ಒಟ್ಟಿಗೆ ಹೂ ಬಿಟ್ಟು ಸಾಯುತ್ತದೆ. ನಮ್ಮ ಅಲ್ಫಾನ್ಸ್ ಕಾರ್ ಹಾಗೆ ಸಾಮೂಹಿಕವಾಗಿ ಅಲ್ಲದೆ ಬಿಡಿಬಿಡಿಯಾಗಿ ಹೂ ಬಿಡುವುದೂ ಉಂಟು. ಗೋಧಿ ತೆನೆಯ ಹಾಗೆ ಕಾಣುವ ಸಣ್ಣ ಗೊಂಚಲು ಕಂಡರೆ ಆ ಗಳವನ್ನು ಬುಡಕ್ಕೆ ಕತ್ತರಿಸಿ, ಗೊಬ್ಬರ ನೀರು ಕೊಟ್ಟು ನೋಡಿ.

ಇದರ ಕಳಲೆ ತಿನ್ನಬಹುದಾ?

ಇದು ನೋಡುವ ಬಿದಿರು. ಕಳಲೆ ಸಣ್ಣದು, ಕಹಿ. ಬಿದಿರಿನ ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ, ಹಾಗಾಗಿ ಮಕ್ಕಳು ಹಸಿಯಾಗಿ ಕಚ್ಚದಂತೆ ನೋಡಿಕೊಳ್ಳಿ.

ಲಕ್ಕಿ ಬ್ಯಾಂಬೂ ಇದರ ಜಾತಿಯಾ?

ಅಲ್ಲ. ಅದು ಡ್ರಸೀನಾ ಎಂಬ ಬೇರೆಯೇ ಗಿಡ, ಬಿದಿರೇ ಅಲ್ಲ. ನೀರಿನ ಬಾಟಲಿಯಲ್ಲಿ ನಮ್ಮ ಈ ಬಿದಿರನ್ನು ಇಟ್ಟರೆ ಬದುಕುವುದಿಲ್ಲ.

ಕತ್ತರಿಸಿದ ಗಳ ಏನು ಮಾಡಲಿ?

ತರಕಾರಿ ಬಳ್ಳಿಗೆ ಊರೆ, ಹೂಗಿಡಕ್ಕೆ ಕಡ್ಡಿ. ಮೂರು ವರ್ಷ ದಾಟಿದ ಗಳವೇ ಬಾಳುವುದು. ಎಳೆಯದರಲ್ಲಿ ಪಿಷ್ಟ ಜಾಸ್ತಿ, ಹುಳು ಕೊರೆದು ಹಿಟ್ಟು ಉದುರಿಸುತ್ತದೆ. ಒಣ ತಿಂಗಳಲ್ಲಿ ಕತ್ತರಿಸಿ, ನೆರಳಿನಲ್ಲಿ ನಿಲ್ಲಿಸಿ ಒಣಗಿಸಿ. ಗೀರಿನ ಬಣ್ಣ ಒಣಗಿದ ಮೇಲೆ ಉಳಿಯುವುದಿಲ್ಲ, ಎಲ್ಲಾ ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ಜೀವ ಇರುವ ಗಳಕ್ಕೆ ಮಾತ್ರ.

ಮುಂದೆ ಯಾವತ್ತಾದರೂ ಬೇಡ ಅನ್ನಿಸಿದರೆ ತೆಗೆಯಬಹುದಾ?

ತೆಗೆಯಬಹುದು, ಆದರೆ ಬೆವರು ಹರಿಸಬೇಕು. ಎಲ್ಲಾ ಗಳಗಳನ್ನು ನೆಲಮಟ್ಟಕ್ಕೆ ಕತ್ತರಿಸಿ. ಸುತ್ತ ಒಂದು ಅಡಿ ಆಳಕ್ಕೆ ಅಗೆದು, ಹಾರೆ ಹಾಕಿ ಗಡ್ಡೆಯನ್ನು ತುಂಡು ತುಂಡಾಗಿ ಎಬ್ಬಿಸಿ. ಅಗೆಯಲು ಆಗದಿದ್ದರೆ ಇನ್ನೊಂದು ದಾರಿ ಇದೆ. ಕತ್ತರಿಸಿದ ಮೇಲೆ ಏಳುವ ಪ್ರತಿ ಚಿಗುರನ್ನೂ ಎಲೆ ಬಿಚ್ಚುವ ಮುಂಚೆ ಮುರಿಯುತ್ತಾ ಹೋಗಿ. ಗಡ್ಡೆಯಲ್ಲಿ ಕೂಡಿಟ್ಟ ಆಹಾರ ಮುಗಿದಾಗ ಅದು ತಾನೇ ಸಾಯುತ್ತದೆ, ಒಂದೆರಡು ವರ್ಷ ಹಿಡಿಯಬಹುದು. ಅಗೆದು ತೆಗೆದ ತುಂಡುಗಳಲ್ಲಿ ಎಳೆಯ ಗಡ್ಡೆ ಇರುವವನ್ನು ಎಸೆಯಬೇಡಿ. ಒದ್ದೆ ಗೋಣಿಯಲ್ಲಿ ಸುತ್ತಿ, ಕೇಳಿದ ನೆರೆಯವರಿಗೆ ಅವತ್ತೇ ಕೊಡಿ.